ಸ್ಕ್ರೂಡ್ರೈವರ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಓದಿದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ, ಮಕ್ಕಳು ಕೈಯಾರೆ ಯಂತ್ರ ಮಾಡಿ ಕಲಿಯಲು ಕೇಂದ್ರ ಸರ್ಕಾರ ಕೊಡುವ ಪ್ರಯೋಗಾಲಯ. ರೋಬೋಟ್ ತಂಡ ಕಟ್ಟಿ ಸ್ಪರ್ಧೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ನನಗೆ ಕೋಡಿಂಗ್ ಬರುವುದಿಲ್ಲ. ಎಂಟನೇ ತರಗತಿಯ ಹುಡುಗರಿಗೇ ನನಗಿಂತ ಜಾಸ್ತಿ ಗೊತ್ತು. ಅವರಿಗೆ ನಾನು ಏನು ಹೇಳಿಕೊಡಲಿ?

ಉತ್ತರ: ಮೇಡಂ, ಮೊದಲು ಅಮೆರಿಕದ ಒಂದು ಶಾಲೆಯ ಕಥೆ ಹೇಳುತ್ತೇನೆ. ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನಲ್ಲಿ ಕಾರ್ಲ್ ಹೇಡನ್ ಅಂತ ಒಂದು ಹೈಸ್ಕೂಲ್ ಇದೆ. ಅಲ್ಲಿ ಫ್ರೆಡಿ ಲಜ್ವರ್ದಿ ಮತ್ತು ಅಲನ್ ಕ್ಯಾಮರಾನ್ ಎಂಬ ಇಬ್ಬರು ಮೇಷ್ಟ್ರು ಇದ್ದರು. ಒಬ್ಬರು ಸಮುದ್ರ ವಿಜ್ಞಾನ ಕಲಿಸುತ್ತಿದ್ದರು, ಇನ್ನೊಬ್ಬರು ಕಂಪ್ಯೂಟರ್. 2004ರಲ್ಲಿ ಅವರು ನಾಲ್ಕು ಹುಡುಗರನ್ನು ನೀರಿನೊಳಗೆ ಓಡುವ ರೋಬೋಟ್‌ಗಳ ಸ್ಪರ್ಧೆಗೆ ಕರೆದುಕೊಂಡು ಹೋದರು. ಎಲ್ಲರೂ ಮೆಕ್ಸಿಕೋದಿಂದ ಬಂದ ಬಡ ಕುಟುಂಬದ ಮಕ್ಕಳು. ಪಿವಿಸಿ ಪೈಪಿನಿಂದ ಕಟ್ಟಿದ ಆ ರೋಬೋಟಿಗೆ ಅವರಿಟ್ಟ ಹೆಸರು ಸ್ಟಿಂಕಿ. ಪೈಪಿಗೆ ಹಚ್ಚಿದ ಅಂಟು ಅಷ್ಟು ವಾಸನೆ ಹೊಡೆಯುತ್ತಿತ್ತು! ಹೈಸ್ಕೂಲ್ ವಿಭಾಗ ಬೇರೆ ಇತ್ತು. ಆದರೂ ಮೇಷ್ಟ್ರುಗಳು ಕಾಲೇಜು ವಿಭಾಗದಲ್ಲೇ ಹೆಸರು ಕೊಟ್ಟರು. ದೊಡ್ಡವರ ಎದುರು ಸೋತರೆ ಮಕ್ಕಳಿಗೆ ಅವಮಾನ ಅನ್ನಿಸುವುದಿಲ್ಲ ಎಂಬ ಲೆಕ್ಕ ಅವರದು. ಕೊನೆಗೆ ಆ ಹುಡುಗರು ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ತಂಡವನ್ನೂ ಹಿಂದೆ ಹಾಕಿ ಮೊದಲ ಸ್ಥಾನ ಗೆದ್ದರು.

ಗೆದ್ದದ್ದಕ್ಕಿಂತ ನನಗೆ ಇಷ್ಟವಾಗುವುದು ಅದಕ್ಕೂ ಮುಂಚಿನ ಭಾಗ. ನೀರಿನ ಉಷ್ಣತೆ ಅಳೆಯುವ ಸಾಧನ ಯಾವುದು ಬೇಕು ಅಂತ ತಿಳಿಯಲು ಹುಡುಗರೇ ಕಂಪನಿಯ ತಜ್ಞರಿಗೆ ಫೋನ್ ಮಾಡಿದರು. ತಮ್ಮ ಸಮಸ್ಯೆಯನ್ನು ತಾವೇ ವಿವರಿಸಿದರು. ಆಮೇಲೆ ರೋಬೋಟಿನ ಎಲೆಕ್ಟ್ರಾನಿಕ್ಸ್ ಇಟ್ಟಿದ್ದ ಪೆಟ್ಟಿಗೆಗೆ ನೀರು ಸೋರಲು ಶುರುವಾಯಿತು. ನೀರು ಹೀರುವ ವಸ್ತು ಏನಾದರೂ ಬೇಕಲ್ಲ ಅಂತ ಯೋಚಿಸಿ, ಅಂಗಡಿಯಿಂದ ಟ್ಯಾಂಪೂನ್ (ಮುಟ್ಟಿನ ಸಮಯದಲ್ಲಿ ಬಳಸುವ ಹತ್ತಿಯ ಸುರುಳಿ) ತಂದು ಒಳಗೆ ತುಂಬಿದರು. ಕೆಲಸ ಆಯಿತು. ಇದು ಯಾವ ಪಠ್ಯಪುಸ್ತಕದಲ್ಲೂ ಸಿಗುವ ಉತ್ತರ ಅಲ್ಲ. ನಮ್ಮ ಮಾತಿಗೂ ಬೆಲೆ ಇದೆ ಅನ್ನುವ ಧೈರ್ಯ ಇದ್ದ ಮಕ್ಕಳಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ. ಆ ಧೈರ್ಯ ಮೇಷ್ಟ್ರುಗಳಿಂದ ಬಂದದ್ದು.

ಈಗ ನಿಮ್ಮ ಲ್ಯಾಬಿಗೆ ಬರೋಣ. ಮಕ್ಕಳು ಆರ್ಡುಯಿನೊ ಬೋರ್ಡ್ (ಕೋಡ್ ಹಾಕಿದಂತೆ ಮೋಟರ್, ದೀಪಗಳನ್ನು ನಡೆಸುವ ಪುಟ್ಟ ಸರ್ಕ್ಯೂಟ್) ಇಟ್ಟು ಒಂದು ಪುಟ್ಟ ಗಾಡಿ ಮಾಡುತ್ತಾರೆ. ಎದುರಿಗೆ ಗೋಡೆ ಬಂದರೆ ತಾನೇ ತಿರುಗುವ ಗಾಡಿ. ಬಹುತೇಕ ಎಲ್ಲ ತಂಡಗಳೂ ಮೊದಲು ಮಾಡುವುದು ಅದನ್ನೇ. ಬೋರ್ಡಿಗೂ ಮೋಟರಿಗೂ ಸೇರಿಸಿ ಒಂದೇ ಒಂದು 9 ವೋಲ್ಟಿನ ಚಿಕ್ಕ ಬ್ಯಾಟರಿ ಕೊಡುತ್ತಾರೆ. ಗಾಡಿ ಒಂದು ಸಲ ಕುಲುಕುತ್ತದೆ, ನಿಲ್ಲುತ್ತದೆ. ಮತ್ತೆ ಕುಲುಕುತ್ತದೆ, ನಿಲ್ಲುತ್ತದೆ. ಹುಡುಗರು ತಕ್ಷಣ ಕೋಡ್ ತಿದ್ದಲು ಕೂರುತ್ತಾರೆ. ಸಂಜೆಯಾದರೂ ಸರಿಹೋಗುವುದಿಲ್ಲ.

ಅಲ್ಲಿ ನೀವು ಕೋಡ್ ನೋಡಬೇಕಾಗಿಲ್ಲ. "ಮೋಟರಿನ ತಂತಿ ಬಿಚ್ಚಿ ನೋಡ್ರಪ್ಪ, ಬೋರ್ಡಿನ ದೀಪ ಏನು ಮಾಡುತ್ತೆ?" ಅಂತ ಕೇಳಿ. ತಂತಿ ಬಿಚ್ಚಿದರೆ ದೀಪ ಸರಿಯಾಗಿ ಉರಿಯುತ್ತದೆ. ಜೋಡಿಸಿದರೆ ಆರಿ ಆರಿ ಹತ್ತುತ್ತದೆ. ಮೋಟರ್ ಶುರುವಾಗುವಾಗ ಎಳೆಯುವಷ್ಟು ಕರೆಂಟ್ ಆ ಚಿಕ್ಕ ಬ್ಯಾಟರಿಗೆ ಕೊಡಲು ಆಗುವುದಿಲ್ಲ. ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೋಟರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಸೇರಿಸಿದರೆ ಗಾಡಿ ಓಡುತ್ತದೆ.

ಇದನ್ನು ಹುಡುಕಲು ಬೇಕಾದ ವಿದ್ಯೆ ನಿಮಗೆ ಆಗಲೇ ಬರುತ್ತದೆ. ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ, ಬಿಸಿಲಿಗಿಟ್ಟು, ಆಮೇಲೆ ಅಯೋಡಿನ್ ಹಾಕಿ ತೋರಿಸುತ್ತೀರಲ್ಲ, ಅದೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಏನಾಯಿತು ಅಂತ ಬರೆದಿಡಬೇಕು. ಕೋಡಿಂಗ್ ಚೆನ್ನಾಗಿ ಬರುವ ಹುಡುಗರಿಗೆ ಈ ತಾಳ್ಮೆ ಎಷ್ಟೋ ಸಲ ಇರುವುದಿಲ್ಲ. ಒಟ್ಟಿಗೆ ನಾಲ್ಕು ಕಡೆ ಬದಲಾಯಿಸಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ಕೂರುತ್ತಾರೆ. ಒಂದು ದಪ್ಪ ನೋಟ್‌ಬುಕ್ ಲ್ಯಾಬಿನಲ್ಲಿಡಿ. ಆ ದಿನ ಏನು ಕೆಟ್ಟಿತು, ಏನು ಮಾಡಿ ನೋಡಿದೆವು ಎಂಬುದನ್ನು ದಿನಕ್ಕೊಬ್ಬರು ಬರೆಯಲಿ. ನಿಮಗೆ ಅರ್ಥವಾಗದಿದ್ದರೆ "ನನಗೆ ಗೊತ್ತಿಲ್ಲ, ನೀನು ನನಗೆ ಅರ್ಥವಾಗುವ ಹಾಗೆ ಹೇಳು" ಅನ್ನಿ. ಹೇಳುತ್ತಾ ಹೇಳುತ್ತಾ ಅರ್ಧ ತಪ್ಪು ಅವರಿಗೇ ಕಾಣುತ್ತದೆ.

ಇನ್ನೊಂದು ಮಾತು. ನೀವು "ಹುಡುಗರಿಗೇ ಜಾಸ್ತಿ ಗೊತ್ತು" ಅಂತ ಬರೆದಿದ್ದೀರಿ. ಹುಡುಗಿಯರು ಏನು ಮಾಡುತ್ತಿದ್ದಾರೆ? ನಾನು ನೋಡಿದ ಎಷ್ಟೋ ತಂಡಗಳಲ್ಲಿ ಚಾರ್ಟ್ ಬರೆಯುವುದು, ಅಲಂಕಾರ ಮಾಡುವುದು, ವೇದಿಕೆ ಮೇಲೆ ಮಾತಾಡುವುದು ಹುಡುಗಿಯರ ಪಾಲಿಗೆ ಬಂದಿರುತ್ತದೆ. ಯಾರೂ ಬೇಕಂತ ಹಾಗೆ ಮಾಡಿರುವುದಿಲ್ಲ. ಸುಮ್ನೆ ಹಾಗೆ ಆಗಿಬಿಟ್ಟಿರುತ್ತದೆ. ಅದು ತಾನಾಗಿ ಸರಿಹೋಗುವುದಿಲ್ಲ, ಮೆಂಟರ್, ಅಂದರೆ ತಂಡಕ್ಕೆ ದಾರಿ ತೋರಿಸುವ ನಿಮ್ಮಂಥವರು, ಸರಿ ಮಾಡಬೇಕು. ಎರಡು ವಾರಕ್ಕೊಮ್ಮೆ ಕೆಲಸ ಬದಲಾಯಿಸಿ. ಪ್ರತಿ ಸಲವೂ ಬೆಸುಗೆ ಹಾಕುವ ಕೈ ಬದಲಾಗಲಿ, ಕೋಡ್ ಬರೆಯುವ ಕೈ ಬದಲಾಗಲಿ. ಈ ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಹಟ ಹಿಡಿಯಿರಿ.

ಪ್ರಶ್ನೆ: ನನ್ನ ಮಗಳು ಆರನೇ ತರಗತಿ. ಲೆಗೋ ತುಂಡುಗಳಿಂದ ರೋಬೋಟ್ ಕಟ್ಟುವ ಮಕ್ಕಳ ಸ್ಪರ್ಧೆ ಫಸ್ಟ್ ಲೆಗೋ ಲೀಗ್‌ನ ತಂಡದಲ್ಲಿದ್ದಾಳೆ. ಅವರ ಕೋಚ್ ತುಂಬಾ ಜಾಣರು, ಆದರೆ ಪ್ರೋಗ್ರಾಂ ಪೂರ್ತಿ ಮನೆಯಲ್ಲಿ ತಾವೇ ಬರೆದು ತರುತ್ತಾರೆ. ಮಕ್ಕಳು ಬಟನ್ ಒತ್ತುತ್ತಾರೆ ಅಷ್ಟೇ. ಬೇರೆ ಪೋಷಕರಿಗೆ ಬಹುಮಾನ ಬಂದರೆ ಸಾಕು. ನಾನು ಸುಮ್ಮನಿರಲೇ?

ಉತ್ತರ: ಸುಮ್ಮನಿರಬೇಡಿ. ಜಗಳವನ್ನೂ ಮಾಡಬೇಡಿ.

ಆ ಕೋಚ್ ಕೆಟ್ಟವರಲ್ಲ. ನನಗೆ ಇದು ಗೊತ್ತು, ಯಾಕೆಂದರೆ ನಾನೂ ಅದನ್ನೇ ಮಾಡಿದ್ದೇನೆ. ಮೆಂಟರ್ ಆದ ಮೊದಲ ವರ್ಷ, ಸ್ಪರ್ಧೆಗೆ ಮೂರು ದಿನ ಉಳಿದಿತ್ತು. ಒಬ್ಬ ಹುಡುಗಿ ರೋಬೋಟಿನ ಕೈ ಜೋಡಿಸುತ್ತಿದ್ದಳು. ನಿಧಾನ ಆಗುತ್ತಿತ್ತು. "ಕೊಡಮ್ಮ ಇಲ್ಲಿ" ಅಂತ ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಐದು ನಿಮಿಷದಲ್ಲಿ ಜೋಡಿಸಿದೆ. ಅವಳು ಏನೂ ಹೇಳಲಿಲ್ಲ. ಸ್ಪರ್ಧೆಗೆ ಬಂದಳು, ಮುಂದಿನ ವರ್ಷ ಬರಲಿಲ್ಲ. ಯಾಕೆ ಅಂತ ಕೇಳಿದಾಗ "ಅದು ನಮ್ಮ ರೋಬೋಟ್ ಅಲ್ಲ ಸರ್" ಅಂದಳು. ಅವತ್ತಿನಿಂದ ಲ್ಯಾಬಿಗೆ ಹೋದಾಗ ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಈಗಲೂ ಕಷ್ಟವಾಗುತ್ತದೆ.

ಈ ಸ್ಪರ್ಧೆಯನ್ನು ಕಟ್ಟಿದ ರೀತಿಯೇ ನಿಮ್ಮ ಪರವಾಗಿದೆ. ಲೆಗೋ ಲೀಗ್‌ನಲ್ಲಿ ರಿಮೋಟ್ ಇಲ್ಲ. ಎರಡೂವರೆ ನಿಮಿಷ ರೋಬೋಟ್ ತನ್ನ ಪ್ರೋಗ್ರಾಂ ಪ್ರಕಾರ ತಾನೇ ಓಡಬೇಕು. ಅದಷ್ಟೇ ಆಗಿದ್ದರೆ ಕೋಚ್ ಬರೆದ ಪ್ರೋಗ್ರಾಂ ಗೆಲ್ಲಬಹುದಿತ್ತು. ಆದರೆ ತೀರ್ಪುಗಾರರು ಬೇರೆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ಸೆನ್ಸರ್ ಇಲ್ಲೇ ಯಾಕೆ ಇಟ್ಟಿರಿ? ಮೊದಲು ಹೇಗಿತ್ತು, ಯಾಕೆ ಬದಲಾಯಿಸಿದಿರಿ? ಅಲ್ಲಿ ಕೋಚ್ ಬಾಯಿ ತೆರೆಯುವ ಹಾಗಿಲ್ಲ. ಬಟನ್ ಒತ್ತಿದ ಮಗು ಆ ಪ್ರಶ್ನೆಗೆ ಏನು ಹೇಳೀತು? ಕೋಚ್ ಹತ್ತಿರ ನಿಮ್ಮ ಮಾತು ಇಲ್ಲಿಂದಲೇ ಶುರುವಾಗಲಿ. "ಮಕ್ಕಳನ್ನು ಆ ಕೋಣೆಗೆ ತಯಾರು ಮಾಡೋಣ, ಒಂದು ಮಿಷನ್ ಆದರೂ ಅವರೇ ಬರೆಯಲಿ" ಅನ್ನಿ. ಮಿಷನ್ ಅಂದರೆ ಟೇಬಲ್ಲಿನ ಮೇಲೆ ರೋಬೋಟ್ ಮಾಡಿ ಮುಗಿಸಬೇಕಾದ ಒಂದೊಂದು ಕೆಲಸ. ಒಂದು ಮಿಷನ್ ತಪ್ಪಾಗಿ ಬರೆದು, ರೋಬೋಟ್ ಟೇಬಲ್ಲಿನ ಗೋಡೆಗೆ ಗುದ್ದಿ, ಮತ್ತೆ ತಿದ್ದಿದ ಮಗು ಒಂದು ಗಂಟೆ ಮಾತಾಡುತ್ತದೆ, ನಿಲ್ಲಿಸುವುದೇ ಕಷ್ಟ!

ಹಾಗಂತ ದೊಡ್ಡವರು ಏನನ್ನೂ ಮುಟ್ಟಲೇಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಲೆಗೋ ಲೀಗ್ ನಡೆಸುವ ಅಮೆರಿಕದ ಫಸ್ಟ್ ಸಂಸ್ಥೆಯೇ ಹೈಸ್ಕೂಲ್ ಮಕ್ಕಳಿಗೆ ದೊಡ್ಡ ರೋಬೋಟ್‌ಗಳ ಸ್ಪರ್ಧೆಯನ್ನೂ ನಡೆಸುತ್ತದೆ. ಡೀನ್ ಕೇಮನ್ ಎಂಬ ಸಂಶೋಧಕರು 1989ರಲ್ಲಿ ಈ ಸಂಸ್ಥೆ ಶುರು ಮಾಡಿದರು. 1992ರ ಮೊದಲ ಸ್ಪರ್ಧೆ ನಡೆದದ್ದು ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯ ಜಿಮ್‌ನಲ್ಲಿ, 28 ತಂಡಗಳ ನಡುವೆ. ಮಕ್ಕಳು ನಿಜವಾದ ಎಂಜಿನಿಯರುಗಳ ಪಕ್ಕ ನಿಂತು ಕೆಲಸ ಮಾಡಲಿ ಎಂಬುದೇ ಅದರ ಆಸೆ. ಹತ್ತಾರು ಕಿಲೋ ತೂಗುವ ಯಂತ್ರದಲ್ಲಿ ದೊಡ್ಡವರ ಕೈ ಬೇಕೇ ಬೇಕು. ಕೈ ಯಾರದು ಅನ್ನುವುದಕ್ಕಿಂತ ತೀರ್ಮಾನ ಯಾರದು ಅನ್ನುವುದು ಮುಖ್ಯ. ಆದರೆ ಆರನೇ ತರಗತಿಯಲ್ಲಿ, ಲೆಗೋ ತುಂಡುಗಳ ಮುಂದೆ, ಕೈಯೂ ಮಕ್ಕಳದೇ ಆಗಿರಲಿ.

ಆ ಸಂಸ್ಥೆಯ ಜೊತೆ ಮೊದಲಿನಿಂದ ಇದ್ದ ಇನ್ನೊಬ್ಬರು ವುಡಿ ಫ್ಲವರ್ಸ್. ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದರು. ಅವರ ತರಗತಿಯಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಥರದ ಚಿಲ್ಲರೆ ಸಾಮಾನು ಕೊಟ್ಟು, ಇದರಿಂದ ಯಂತ್ರ ಮಾಡಿ ಪೈಪೋಟಿ ನಡೆಸಿ ಅನ್ನುತ್ತಿದ್ದರು. 'ಗ್ರೇಷಿಯಸ್ ಪ್ರೊಫೆಷನಲಿಸಂ' ಅನ್ನುವ ಮಾತನ್ನು ಈ ಮಕ್ಕಳ ನಡುವೆ ಹರಡಿದ್ದು ಅವರೇ. ಎದುರಾಳಿ ತಂಡದ ಮೋಟರ್ ಸುಟ್ಟುಹೋದರೆ ನಮ್ಮ ಹತ್ತಿರ ಇರುವುದನ್ನು ಕೊಡು, ಆಮೇಲೆ ಅವರ ಮೇಲೆ ಪೂರ್ತಿ ಶಕ್ತಿ ಹಾಕಿ ಆಡು ಅಂತ ಅದರ ಅರ್ಥ. ಅವರು 2019ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1996ರಿಂದ ಮೆಂಟರ್‌ಗಳಿಗೆ ಒಂದು ಪ್ರಶಸ್ತಿ ಇದೆ. ಅದಕ್ಕೆ ಮೆಂಟರ್ ತಾನೇ ಅರ್ಜಿ ಹಾಕುವ ಹಾಗಿಲ್ಲ. ವಿದ್ಯಾರ್ಥಿಗಳೇ ಪ್ರಬಂಧ ಬರೆದು ಹೆಸರು ಸೂಚಿಸಬೇಕು. ನಿಮ್ಮ ಮಗಳನ್ನು ಒಂದು ಸಲ ಕೇಳಿ ನೋಡಿ: ನಿಮ್ಮ ಕೋಚ್ ಬಗ್ಗೆ ಒಂದು ಪುಟ ಬರೆ ಅಂದರೆ ಏನು ಬರೀತೀಯ? ಅವಳು ಬರೆದದ್ದನ್ನು, ಕೋಚ್ ಮನಸ್ಸು ತೆರೆದವರಾಗಿದ್ದರೆ, ಅವರಿಗೇ ಓದಲು ಕೊಡಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಶನಿವಾರ ಬಿಡುವು. ಸರ್ಕಾರಿ ಶಾಲೆಯ ಮಕ್ಕಳಿಗೆ ರೋಬೋಟಿಕ್ಸ್‌ನಲ್ಲಿ ನೆರವಾಗುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಕೊಡುವ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಷನ್ ಮಿಷನ್‌ನಲ್ಲಿ 'ಮೆಂಟರ್ ಆಫ್ ಚೇಂಜ್' ಎಂಬ ಕಾರ್ಯಕ್ರಮ ಇದೆ. ವಾರಕ್ಕೆ ಒಂದೆರಡು ಗಂಟೆ ಕೊಡುವ ಸ್ವಯಂಸೇವಕರನ್ನು ಅದು ಶಾಲೆಯ ಲ್ಯಾಬ್‌ಗಳ ಜೊತೆ ಜೋಡಿಸುತ್ತದೆ. ಹೆಸರು ನೋಂದಾಯಿಸಿ. ದೇಶದಲ್ಲಿ 10,000 ಶಾಲೆಗಳಿಗೆ ಲ್ಯಾಬ್ ಸಿಕ್ಕಿದೆ, ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಸಾಮಾನಿಗೆ ಕೊರತೆ ಕಡಿಮೆ. ಪಕ್ಕದಲ್ಲಿ ಕೂರುವ ಮನುಷ್ಯರೇ ಸಾಲದು. ಬೀಗ ಹಾಕಿದ ಲ್ಯಾಬ್, ಪ್ಲಾಸ್ಟಿಕ್ ಕವರ್ ತೆಗೆಯದ 3ಡಿ ಪ್ರಿಂಟರ್ ನೋಡಿದಾಗ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಒಪ್ಪಿಕೊಂಡ ಮೇಲೆ ತಪ್ಪದೆ ಹೋಗಿ. ತಿಂಗಳಿಗೆ ಒಂದೇ ಶನಿವಾರ ಆದರೂ ಸರಿ, ಆ ಶನಿವಾರ ನೀವು ಬಂದೇ ಬರುತ್ತೀರಿ ಅಂತ ಮಕ್ಕಳಿಗೆ ಗೊತ್ತಿರಬೇಕು. ಕನ್ನಡದಲ್ಲಿ ಮಾತಾಡಿ. ಸೆನ್ಸರ್, ಕೋಡ್ ಅನ್ನುವ ಪದಗಳು ಹಾಗೇ ಇರಲಿ, ವಿವರಣೆ ಅವರ ಮಾತಿನಲ್ಲಿರಲಿ. ಮೊದಲ ದಿನ ಲ್ಯಾಪ್‌ಟಾಪ್ ತೆರೆಯಬೇಡಿ. ಬ್ಯಾಗಿನಲ್ಲಿ ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್, ಹೊಸ ಬ್ಯಾಟರಿಗಳು, ಮನೆಯಲ್ಲಿ ಕೆಟ್ಟು ಬಿದ್ದಿರುವ ಒಂದು ಆಟಿಕೆ ಕಾರು ಇರಲಿ. ಅದನ್ನು ಮೇಜಿನ ಮೇಲಿಟ್ಟು, "ಇದು ಯಾಕೆ ಓಡುತ್ತಿಲ್ಲ?" ಅಂತ ಕೇಳಿ. ಆಮೇಲೆ ಎರಡು ಹೆಜ್ಜೆ ಹಿಂದೆ ನಿಲ್ಲಿ.