35 ಅಂಕ ಹೇಗಾಯಿತು, ಕೂಡಿ ತೋರಿಸಿ

ನಮಸ್ಕಾರ.

ಅಮೆರಿಕದ ನೋಟರ್ ಡೇಮ್ ಕಾಲೇಜು ತಂಡದ 1913ರ ಫುಟ್‌ಬಾಲ್ ಋತುವಿನ ಮೇಲೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅವರ ಫುಟ್‌ಬಾಲ್ ಬೇರೆ ಎಂದು ಆರಂಭದಲ್ಲೇ ಬಿಡಿಸಿ ಹೇಳಿದ್ದೀರಿ, ಒಳ್ಳೆಯದಾಯಿತು. ಮೂರನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು. ಉಳಿದದ್ದೆಲ್ಲ ಬದಿಗಿಟ್ಟು ಆ ಒಂದು ಪುಟದ ಬಗ್ಗೆಯೇ ಬರೆಯುತ್ತೇನೆ.

ನವೆಂಬರ್ 1, ವೆಸ್ಟ್ ಪಾಯಿಂಟ್, ಎದುರಾಳಿ ಆರ್ಮಿ, ಅಂದರೆ ಅಲ್ಲಿನ ಸೇನಾ ಅಕಾಡೆಮಿಯ ತಂಡ. ನಿಮ್ಮ ಸಾಲು: ‘ಟಚ್‌ಡೌನಿಗೆ ಐದು ಅಂಕ, ಅದರ ಮೇಲಿನ ಒದೆತಕ್ಕೆ ಒಂದು.’ ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು. ನಾಲ್ಕು ಸಾಲು ಕೆಳಗೆ: ‘ಐದು ಟಚ್‌ಡೌನ್ ಗಳಿಸಿ 35-13ರಿಂದ ಗೆದ್ದರು.’ ಐದಾರಲೆ ಮೂವತ್ತು. ಉಳಿದ ಐದು ಅಂಕ ಎಲ್ಲಿಂದ ಬಂತು? ಟಚ್‌ಡೌನಿಗೆ ಐದು ಅಂಕ ಇದ್ದದ್ದು 1911ರವರೆಗೆ. 1912ರಲ್ಲಿ ಅದು ಆರಾಯಿತು, ಒದೆತದ ಒಂದು ಸೇರಿದರೆ ಏಳು, ಐದೇಳಲೆ ಮೂವತ್ತೈದು. ಆರ್ಮಿಯ 13 ಅಂದರೆ ಎರಡು ಟಚ್‌ಡೌನ್, ಒಂದೇ ಒದೆತ. ಅದೇ ವರ್ಷ ಇನ್ನೂ ಕೆಲವು ನಿಯಮ ಬದಲಾದವು: ಹತ್ತು ಗಜ ದಾಟಲು ಮೂರರ ಬದಲು ನಾಲ್ಕು ಯತ್ನ, ಮೈದಾನ 110 ಗಜದಿಂದ 100ಕ್ಕೆ, ಎರಡೂ ತುದಿಗೆ ಹತ್ತು ಹತ್ತು ಗಜದ ಅಂತ್ಯವಲಯ. ನೀವು ಓದಿದ ಪುಸ್ತಕ ಹಿಂದಿನ ನಿಯಮದ್ದಿರಬೇಕು.

ಕ್ರೀಡಾ ಪುಟದಲ್ಲಿ ಕೆಲಸ ಕಲಿಯುವಾಗ ನಮಗೆ ಹಿರಿಯರು ಹಾಕಿಕೊಟ್ಟ ಕ್ರಮ ಹೀಗಿತ್ತು: ವರದಿ ಆಮೇಲೆ ಓದು, ಮೊದಲು ಸ್ಕೋರ್ ಕೂಡು. ಕ್ರಿಕೆಟ್ ಆದರೆ ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಸೇರಿಸಿ ಒಟ್ಟು ಮೊತ್ತಕ್ಕೆ ತಾಳೆ ನೋಡಬೇಕು. ಆಮೇಲೆ ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿ ಮತ್ತೊಮ್ಮೆ. ಎರಡು ಕಡೆಯ ಲೆಕ್ಕವೂ ಕೂಡದಿದ್ದರೆ ಪ್ರತಿ ವಾಪಸ್. ಎರಡು ನಿಮಿಷದ ಕೆಲಸ. ನಿಮ್ಮ ಲೇಖನಕ್ಕೆ ಅಷ್ಟೂ ಬೇಕಿರಲಿಲ್ಲ.

ಮುಂದಿನ ಸಾಲು ನೋಟರ್ ಡೇಮ್‌ನ ಚೆಂಡೆಸೆಯುವ ಆಟಗಾರ ಡೊರೇ ಬಗ್ಗೆ: ‘ಡೊರೇ ರಕ್ಷಕರ ಎದೆಗೆ ಎದೆ ಕೊಟ್ಟು ನಿಂತು ಚೆಂಡೆಸೆದ.’ ಹಾಗೆ ಎಸೆದಿದ್ದರೆ ಅಂಪೈರ್ ಸೀಟಿ ಊದುತ್ತಿದ್ದ. ಎರಡು ತಂಡ ಎದುರುಬದುರು ನಿಲ್ಲುವ ಗೆರೆಯಿಂದ ಕನಿಷ್ಠ ಐದು ಗಜ ಹಿಂದೆ ನಿಂತೇ ಪಾಸ್ (ಮುಂದಿರುವ ಜೊತೆಗಾರನಿಗೆ ಚೆಂಡು) ಎಸೆಯಬೇಕು ಎಂಬ ನಿಯಮ 1910ರದ್ದು, 1945ರವರೆಗೂ ಉಳಿಯಿತು. ಎದೆಗೆ ಎದೆ ಕೊಡುವ ಶೌರ್ಯಕ್ಕಿಂತ ಈ ಐದು ಗಜದಲ್ಲೇ ಹೆಚ್ಚು ರೋಚಕತೆ ಇದೆ: ಚೆಂಡು ಬಂದ ಕೂಡಲೇ ಹಿಂದೆ ಸರಿಯಬೇಕು, ಮೇಲೆ ಬೀಳುವವರು ತಲುಪುವ ಮೊದಲೇ ಎಸೆಯಬೇಕು. ಚೆಂಡೂ ಈಗಿನದಕ್ಕಿಂತ ದಪ್ಪ. ಎಸೆಯುವವನು 145 ಪೌಂಡಿನ ಹುಡುಗ.

‘ದಾಳಿಯ ಪಡೆ ಹೊರಬಂದು ರಕ್ಷಣೆಯ ಪಡೆ ಇಳಿಯಿತು.’ ಇದು ಟಿವಿಯಲ್ಲಿ ಕಂಡದ್ದು. 1913ರಲ್ಲಿ ಎರಡು ಪಡೆ ಇರಲಿಲ್ಲ, ಆ ಪದ್ಧತಿ ಬಂದದ್ದು 1940ರ ದಶಕದಲ್ಲಿ. ಪಾಸ್ ಹಿಡಿದ ನಾಯಕ ಕ್ನೂಟ್ ರಾಕ್ನಿಯೇ ಮರುಕ್ಷಣ ಆರ್ಮಿಯವರನ್ನು ತಡೆಯಲೂ ನಿಲ್ಲಬೇಕಿತ್ತು. ಒಂದು ಕ್ವಾರ್ಟರ್‌ನಲ್ಲಿ (ಆಟದ ಕಾಲು ಭಾಗ) ಹೊರಹೋದವನು ಆ ಕ್ವಾರ್ಟರ್ ಮುಗಿಯುವವರೆಗೆ ಒಳಗೆ ಬರುವಂತಿರಲಿಲ್ಲ.

‘ನೋವು ನುಂಗಿ ಕುಂಟುತ್ತಲೇ ಓಡಿದ ರಾಕ್ನಿ’ ಎಂದು ಬರೆದಿದ್ದೀರಿ. ಅಯ್ಯೋ, ಕುಂಟಿದ್ದು ನಾಟಕ! ಕಾವಲಿದ್ದವನು ಮೈಮರೆಯಲಿ ಎಂದು ಕುಂಟಿದ, ಆಮೇಲೆ ಒಮ್ಮೆಲೇ ಓಡಿ ಟಚ್‌ಡೌನ್ ಗಳಿಸಿದ. ರಾಕ್ನಿಯೇ ಮುಂದೆ ಹೇಳಿಕೊಂಡ ಮಾತು ಇದು. ನೀವು ಅದನ್ನು ಕಣ್ಣೀರಿನ ಕತೆ ಮಾಡಿದ್ದೀರಿ.

ಕೊನೆಗೆ: ‘ಇಡೀ ಪಂದ್ಯ ಗಾಳಿಯಲ್ಲೇ ನಡೆಯಿತು. ಅಂದೇ ಫಾರ್ವರ್ಡ್ ಪಾಸ್ ಹುಟ್ಟಿತು.’ ಎರಡೂ ಸುಳ್ಳು. ಡೊರೇ ಎಸೆದದ್ದು 17 ಪಾಸ್, 14 ಕೈಸೇರಿದವು, 243 ಗಜ. ಅರವತ್ತು ನಿಮಿಷದ ಆಟದಲ್ಲಿ ಹದಿನೇಳು. ಪಾಸಿನ ಭಯಕ್ಕೆ ಆರ್ಮಿಯ ರಕ್ಷಕರು ಹಿಂದಕ್ಕೂ ಬದಿಗೂ ಹರಡಿದರು, ನಡುವೆ ಸಂದು ಬಿತ್ತು, ಅಲ್ಲಿ ನೋಟರ್ ಡೇಮ್‌ನ ಐಕೆನ್‌ಲಾಬ್ ಎಂಬ ಭಾರೀ ಫುಲ್‌ಬ್ಯಾಕ್ ಚೆಂಡು ಹಿಡಿದು ನುಗ್ಗಿದ. ಮಧ್ಯಂತರಕ್ಕೆ 14-13 ಇದ್ದದ್ದು 35-13 ಆದದ್ದು ಪಾಸ್ ಮತ್ತು ನುಗ್ಗಾಟ ಕೂಡಿದ್ದರಿಂದ. ನಿಮ್ಮ ಪುಟದಲ್ಲಿ ಐಕೆನ್‌ಲಾಬ್‌ನ ಹೆಸರೇ ಇಲ್ಲ.

ಹುಟ್ಟಿನ ಮಾತು: ಫಾರ್ವರ್ಡ್ ಪಾಸಿಗೆ ಅನುಮತಿ ಸಿಕ್ಕಿದ್ದು 1906ರಲ್ಲಿ. ಆ ಸೆಪ್ಟೆಂಬರ್ 5ರಂದೇ ಸೇಂಟ್ ಲೂಯಿಸ್ ತಂಡದ ಬ್ರಾಡ್‌ಬರಿ ರಾಬಿನ್‌ಸನ್ ಎಸೆದ. ಮೊದಲ ಎಸೆತ ಯಾರ ಕೈಗೂ ತಾಗದೆ ನೆಲಕ್ಕೆ ಬಿತ್ತು, ಅಂದಿನ ನಿಯಮದಂತೆ ಚೆಂಡು ಎದುರಾಳಿಗೆ ಹೋಯಿತು. ದೊಡ್ಡ ತಂಡಗಳು ಪಾಸಿಗೆ ಅಂಜುತ್ತಿದ್ದದ್ದು ಇಂಥ ದಂಡಕ್ಕೇ. ಪಾಸ್ ಗೆರೆಯಿಂದ 20 ಗಜಕ್ಕಿಂತ ಆಚೆ ಹೋಗಬಾರದೆಂಬ ಮಿತಿಯೂ 1912ರಲ್ಲಿ ಹೋಯಿತು. ಮರುವರ್ಷದ ಬೇಸಿಗೆಯಲ್ಲಿ ಡೊರೇ, ರಾಕ್ನಿ ಇಬ್ಬರೂ ಈರಿ ಸರೋವರದ ಸೀಡರ್ ಪಾಯಿಂಟ್‌ನಲ್ಲಿ ಕೆಲಸಕ್ಕಿದ್ದು, ಬಿಡುವಿನಲ್ಲಿ ಮರಳ ಮೇಲೆ ಅಭ್ಯಾಸ ಮಾಡಿದರು. ನಿಂತು ಎದೆಗೆ ಅವುಚಿಕೊಂಡು ಹಿಡಿಯುವುದು ಬಿಟ್ಟು, ಓಡುತ್ತಲೇ ಬೆರಳಲ್ಲಿ ಹಿಡಿಯುವ ಅಭ್ಯಾಸ. ಅವರು ಪಾಸನ್ನು ಹುಟ್ಟಿಸಲಿಲ್ಲ, ಹಿಡಿಯುವುದನ್ನು ಕಲಿತರು. ಸೋತ ಆರ್ಮಿಯೂ ಕಲಿತಿತು: ಅದೇ ತಿಂಗಳ ಕೊನೆಗೆ ಪ್ರಿಚರ್ಡ್ ಎಸೆದು ಮೆರಿಲಾಟ್ ಹಿಡಿದು ನೌಕಾ ಅಕಾಡೆಮಿಯ ತಂಡ ನೇವಿಯನ್ನು 22-9ರಿಂದ ಸೋಲಿಸಿದರು.

ಇನ್ನೊಂದು. ಶೀರ್ಷಿಕೆಯಲ್ಲಿ ‘ಋತು’ ಎಂದಿದೆ. ಏಳು ಪಂದ್ಯ, ಏಳೂ ಗೆಲುವು. ಓಹಿಯೋ ನಾರ್ದರ್ನ್ ಮೇಲೆ 87-0 ಬಂದ ತಂಡಕ್ಕೆ ಪೆನ್ ಸ್ಟೇಟ್ ಮೇಲೆ 14-7 ಬರಲು ಬೆವರಿಳಿಯಿತು, ಅದೂ ಆರ್ಮಿ ಪಂದ್ಯದ ಮರುವಾರ. ಅದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು. ಮೂರನೇ ಪುಟ ಹರಿದು ಹೊಸದಾಗಿ ಬರೆಯಿರಿ, ಪೆನ್ ಸ್ಟೇಟ್‌ಗೆ ಒಂದು ಪುಟ ಕೊಡಿ. ಪ್ರತಿ ಪಂದ್ಯದ ಸ್ಕೋರ್ ಎದುರು ಅಂಕ ಹೇಗೆ ಬಂತೆಂದು ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಕೂಡಿ ಕಳಿಸಿ. ಆ ಅಂಚನ್ನೇ ಮೊದಲು ನೋಡುತ್ತೇನೆ.

ಸಂಪಾದಕ