ಬಯಾಸ್ ಅಪ್‌ಡೇಟ್ ಆದ ಮೇಲೆ ವಿಂಡೋಸ್ ಬರ್ತಿಲ್ಲ, ಬೋರ್ಡ್ ಹೋಗಿದೆಯಾ?

ನೀವು ಕೇಳಿದ್ದು ಇಷ್ಟು: ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿದ್ದೀರಿ. ಅದು ಪೂರ್ತಿ ಆಯಿತು. ಈಗ ಆನ್ ಮಾಡಿದರೆ ಲೋಗೋ ಬರುತ್ತದೆ, ಆಮೇಲೆ ವಿಂಡೋಸ್ ಬದಲು ಸೀದಾ ಬಯಾಸ್ ಪರದೆಗೆ ಹೋಗಿ ನಿಲ್ಲುತ್ತದೆ. ಅಂಗಡಿಯವರು ಬೋರ್ಡ್ (ಮದರ್‌ಬೋರ್ಡ್) ಹೋಗಿದೆ ಅಂದಿದ್ದಾರೆ.

ಬೋರ್ಡ್ ಹೋಗಿರುವ ಹಾಗೆ ಕಾಣುತ್ತಿಲ್ಲ. ಆ ಲೋಗೋ, ಆ ಪರದೆ ಎರಡನ್ನೂ ತೋರಿಸುತ್ತಿರುವುದು ನೀವು ಹಾಕಿದ ಹೊಸ ಬಯಾಸೇ. ಅದು ಕೆಟ್ಟಿದ್ದರೆ ಪರದೆ ಕಪ್ಪಗೆ ಕೂತಿರುತ್ತಿತ್ತು. ಅಪ್‌ಡೇಟ್ ಮಾಡಿದಾಗ ಹಳೇ ಸೆಟ್ಟಿಂಗ್ಸ್ ಅಳಿಸಿಹೋಗುವುದು ಮಾಮೂಲು. ಹೊಸದಾಗಿ ಬಂದ ಬಾಡಿಗೆಯವರಿಗೆ ಮೋಟಾರ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರಲ್ಲ ಅಲ್ವಾ, ಹಾಗೆ.

ನನಗೆ ಇದು ಗೊತ್ತಾಗಿದ್ದು ನಮ್ಮ ಭಾವನಿಂದ. ಅವರದು ಮಂಡ್ಯದ ನೂರಡಿ ರಸ್ತೆ ಹತ್ತಿರ ಒಂದು ಸಣ್ಣ ಫೋಟೋ ಸ್ಟುಡಿಯೋ. ಅಲ್ಲಿಯ ಕಂಪ್ಯೂಟರ್‌ಗೂ ಬಯಾಸ್ ಅಪ್‌ಡೇಟ್ ಆಗಿತ್ತು. ಒಂದು ದಿನ ಬೆಳಿಗ್ಗೆ ಫೋನ್: "ಹೋಯ್ತು ಕಣೋ, ಎರಡು ಮದ್ವೆ ಆಲ್ಬಮ್ ಅದ್ರಲ್ಲೇ ಅದೆ." ನಾನು ಮೈಸೂರಿನಿಂದ ಬಸ್ ಹತ್ತಿ ಹೋಗುವ ಹೊತ್ತಿಗೆ ರಿಪೇರಿ ಹುಡುಗ ಪೆನ್‌ಡ್ರೈವ್ ಚುಚ್ಚಿ ವಿಂಡೋಸ್ ಹಾಕಲು ಕೂತಿದ್ದ. ಪರದೆಯ ಮೇಲೆ, ಈ ಡಿಸ್ಕ್‌ನಲ್ಲಿ ಎಂಬಿಆರ್ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡುವ ಹಳೇ ಪದ್ಧತಿ) ಇದೆ, ಇದಕ್ಕೆ ವಿಂಡೋಸ್ ಹಾಕಲು ಆಗಲ್ಲ ಅಂತ ಬಂದಿತ್ತು. ಮುಂದಿನ ಕ್ಲಿಕ್ ಡಿಲೀಟ್. ಅವನ ಕೈ ಮೌಸ್ ಮೇಲೇ ಇತ್ತು.

ಆದರೆ ಕಾಯಿಲೆ ಯಾವುದು ಅಂತ ಆ ಸಾಲೇ ಹೇಳುತ್ತಿತ್ತು. ಭಾವನ ಮಷೀನ್ ವಿಂಡೋಸ್ 7 ಕಾಲದ್ದು. ಅದರ ಮೇಲೇ 10ಕ್ಕೆ ಏರಿಸಿದ್ದರು. ಅಂಥ ಡಿಸ್ಕ್‌ಗಳು ಹೆಚ್ಚಾಗಿ ಎಂಬಿಆರ್ ಪದ್ಧತಿಯವು. ಅವು ಬೂಟ್ ಆಗಲು ಬಯಾಸ್‌ನಲ್ಲಿ ಸಿಎಸ್‌ಎಂ ಅಥವಾ ಲೆಗಸಿ ಎನ್ನುವ ಆಯ್ಕೆ ಆನ್ ಇರಬೇಕು. ಹೊಸ ಬಯಾಸ್ ಅದನ್ನು ಆಫ್ ಮಾಡಿ, ಯುಇಎಫ್‌ಐ ಎಂಬ ಹೊಸ ಬೂಟ್ ಪದ್ಧತಿ ಮಾತ್ರ ಇಟ್ಟುಕೊಂಡಿತ್ತು. ಡಿಸ್ಕ್ ಹೆಸರು ಕಾಣುತ್ತಿತ್ತು, ಬೂಟ್ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆ ಆಫ್ ಮಾಡಿ, ಸಿಎಸ್‌ಎಂ ಆನ್ ಮಾಡಿ, ಸೇವ್ ಮಾಡಲು ಎಫ್10 ಒತ್ತಿದೆ. ವಿಂಡೋಸ್ ಬಂತು. ಭಾವ ಕಾಫಿ ತರಿಸಿದರು. ಹುಡುಗ ಬೈಕ್ ಹತ್ತಿ ಹೊರಟ.

ನೀವೂ ಮೊದಲು ಅದನ್ನೇ ನೋಡಿ. ಬಯಾಸ್‌ನಲ್ಲಿ ಡಿಸ್ಕ್ ಹೆಸರು ಇದ್ದು, ಬೂಟ್ ಪಟ್ಟಿಯಲ್ಲಿ ಇಲ್ಲದಿದ್ದರೆ ಸಿಎಸ್‌ಎಂ ಮೇಲೆ ಅನುಮಾನ. ನಿಮ್ಮದು ವಿಂಡೋಸ್ 11 ಜೊತೆಗೇ ಬಂದ ಮಷೀನ್ ಆದರೆ ಮಾತ್ರ ಅದನ್ನು ಮುಟ್ಟಬೇಡಿ, ಅದಕ್ಕೆ ಯುಇಎಫ್‌ಐಯೇ ಬೇಕು. ಇನ್ನು ವಿಂಡೋಸ್ ಸುತ್ತುತ್ತಾ ಸುತ್ತುತ್ತಾ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನೀಲಿ ಪರದೆ ತೋರಿಸಿದರೆ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಬದಲಾಗಿರಬಹುದು. ಎಎಚ್‌ಸಿಐ ಇದ್ದರೆ ರೇಡ್ ಮಾಡಿ ನೋಡಿ, ರೇಡ್ ಇದ್ದರೆ ಎಎಚ್‌ಸಿಐ. ಈ ಮೋಡ್ ಬದಲಾಯಿಸಿದ ಮಾತ್ರಕ್ಕೆ ಫೈಲ್‌ಗಳು ಹೋಗುವುದಿಲ್ಲ. ಆದರೆ ಹೊಸ ರೇಡ್ ವಾಲ್ಯೂಮ್ ಮಾಡಲಾ ಅಂತ ಕೇಳಿದರೆ ಖಂಡಿತ ಬೇಡ ಅನ್ನಿ. ಏನು ಬದಲಾಯಿಸುವ ಮೊದಲೂ ಪರದೆಯ ಫೋಟೋ ಹೊಡೆದುಕೊಳ್ಳಿ.

ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಗಾಬರಿ ಬೇಡ. 48 ಅಂಕಿಯ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಆಫೀಸಿನ ಮಷೀನ್ ಆದರೆ ಅಲ್ಲಿಯ ಐಟಿಯವರನ್ನು ಕೇಳಿ.

ಪರದೆಯೇ ಬಾರದವರ ಕಥೆ ಬೇರೆ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡ್‌ಗಳು ಅಪ್‌ಡೇಟ್ ಆದ ಮೇಲೆ ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳುತ್ತಾ ಕೆಲವು ನಿಮಿಷ ಕಪ್ಪಗೇ ಇರುತ್ತವೆ. ಆಗ ಸುಮ್ನೆ ಬಿಡಬೇಕು, ಆಫ್ ಮಾಡಬಾರದು. ಕಾಲು ಗಂಟೆ ಕಳೆದರೂ ಏನೂ ಬರಲಿಲ್ಲವಾ? ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಬಟನ್ ಸೆಲ್ ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿ. ಅದಕ್ಕೂ ಜಗ್ಗದಿದ್ದರೆ, ಕೇಬಲ್ ಚುಚ್ಚುವ ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಇದ್ದರೆ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಬಯಾಸ್ ಮತ್ತೆ ಹಾಕಬಹುದು. ಅದೂ ಇಲ್ಲ ಅಂದರೆ ಚಿಪ್ ಪ್ರೋಗ್ರಾಮರ್ ಇಟ್ಟುಕೊಂಡಿರುವ ಸರ್ವಿಸ್‌ನವರನ್ನು ಹುಡುಕಿ. ಅವರು ಬಯಾಸ್ ಕೂತಿರುವ ಎಂಟು ಕಾಲಿನ ಚಿಪ್‌ಗೆ ಅದನ್ನು ಮತ್ತೆ ಬರೆದುಕೊಡುತ್ತಾರೆ. ಹೊಸ ಬೋರ್ಡ್ ಮಾತು ಬರುವುದು ಅದಾದ ಮೇಲೆ.

ಭಾವನ ಕಥೆ ಕಾಫಿಗೇ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಫೋನ್, ಮತ್ತೆ ಅದೇ ಪರದೆ. ರಾತ್ರಿ ಸ್ಟುಡಿಯೋ ಮುಚ್ಚುವಾಗ ಮೇನ್ ಸ್ವಿಚ್ ಆರಿಸುತ್ತಿದ್ದರು. ಬೋರ್ಡ್ ಮೇಲಿನ ಸೆಲ್ ವರ್ಷಗಳಿಂದ ಬದಲಾಗಿರಲಿಲ್ಲ, ಅದು ಸತ್ತಿತ್ತು, ಬೆಳಗಾಗುವಷ್ಟರಲ್ಲಿ ಸೆಟ್ಟಿಂಗ್ಸ್ ಎಲ್ಲಾ ಮಾಯ. ಆ ಸಲ ನಾನು ಬಸ್ ಹತ್ತಲಿಲ್ಲ. ಪಕ್ಕದ ವಾಚ್ ಅಂಗಡಿಯಲ್ಲಿ ಸಿಆರ್2032 ಸೆಲ್ ತರಿಸಿ, ಫೋನಿನಲ್ಲೇ ಹೇಳಿ ಹಾಕಿಸಿದೆ. ನಿಮ್ಮ ಬಯಾಸ್ ಪರದೆಯಲ್ಲಿ ತಾರೀಖು, ಟೈಮ್ ಸರಿಯಾಗಿದೆಯಾ? ಸರಿ ಮಾಡಿಟ್ಟು, ಪ್ಲಗ್ ಕಿತ್ತು, ಮಾರನೇ ದಿನ ನೋಡಿ. ಮತ್ತೆ ತಪ್ಪು ತೋರಿಸಿದರೆ ನಿಮ್ಮದೂ ಸೆಲ್ ಬದಲಾಯಿಸಬೇಕು.