ಶ್ವೇತಭವನದ ಗಾಳಿ ಕುದಾಪುರದವರೆಗೆ

ಅಧ್ಯಕ್ಷ ಚುನಾವಣೆ, ದೇಶದ ಭದ್ರತೆ, ಹೊರಗಿನವರ ಅಭಿಪ್ರಾಯ. ಈ ಮೂರರ ಸುತ್ತ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಏಳಕ್ಕೆ ಈ ಸಲ ಉತ್ತರ.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆ ನಮ್ಮಲ್ಲಿ ಎರಡು ಬಣ. ಅಮೆರಿಕದವರು ದೇಶದ ಭದ್ರತೆ ನೋಡಿ ಮತ ಹಾಕುತ್ತಾರೆ ಅಂತ ಒಬ್ಬರು, ದಿನಸಿ ಬೆಲೆ ನೋಡಿ ಹಾಕುತ್ತಾರೆ ಅಂತ ಇನ್ನೊಬ್ಬರು. ಯಾರ ಮಾತು ಸರಿ? (ವಿದ್ಯಾನಗರ, ದಾವಣಗೆರೆ)

ದಿನಸಿ ಬಣದವರ ಕೈಯಲ್ಲಿ 1992 ಇದೆ. ಕೊಲ್ಲಿ ಯುದ್ಧ ಗೆದ್ದ 1991ರಲ್ಲಿ ಹಿರಿಯ ಜಾರ್ಜ್ ಬುಷ್ ಅವರನ್ನು ಮೆಚ್ಚಿದವರು ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 89 ಮಂದಿ. ಮರುವರ್ಷ ಅವರಿಗೆ ಬಿದ್ದ ಮತ ನೂರಕ್ಕೆ 37 ಚಿಲ್ಲರೆ. ಮೂರನೆಯವರಾಗಿ ನಿಂತ ರಾಸ್ ಪೆರೋ 19ರಷ್ಟು ಕಿತ್ತುಕೊಂಡದ್ದು ನಿಜ, ಆದರೂ ಯುದ್ಧ ಗೆದ್ದ ಹೆಸರು ಉಳಿದದ್ದು ವರ್ಷ ಒಂದೂವರೆ ಅಷ್ಟೆ.

ಭದ್ರತೆಯ ಬಣದವರ ಕೈಯಲ್ಲಿ 2004 ಇದೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮತಗಟ್ಟೆಯಿಂದ ಹೊರಬಂದವರನ್ನು 'ನಿಮಗೆ ಮುಖ್ಯವಾದ ಒಂದು ವಿಷಯ ಯಾವುದು' ಎಂದು ಕೇಳಿದಾಗ ನೂರಕ್ಕೆ 22 ಮಂದಿ ನೈತಿಕ ಮೌಲ್ಯ ಎಂದರು, 20 ಮಂದಿ ಆರ್ಥಿಕತೆ, 19 ಮಂದಿ ಭಯೋತ್ಪಾದನೆ, 15 ಮಂದಿ ಇರಾಕ್. ಕೊನೆಯ ಎರಡನ್ನೂ ಕೂಡಿ 'ಭದ್ರತೆಗೆ 34' ಎಂದು ಬರೆದ ಕೂಡಲೇ ಲೆಕ್ಕ ತಪ್ಪಿತು. ಭಯೋತ್ಪಾದನೆ ಎಂದವರಲ್ಲಿ ನೂರಕ್ಕೆ 86 ಮಂದಿ ಆ ಸಲ ಗೆದ್ದ ಕಿರಿಯ ಬುಷ್ ಕಡೆ. ಇರಾಕ್ ಎಂದವರಲ್ಲಿ 73 ಮಂದಿ ಎದುರಾಳಿ ಜಾನ್ ಕೆರಿ ಕಡೆ. ಒಂದೇ ಯುದ್ಧ ಒಬ್ಬರಿಗೆ ದೇಶದ ರಕ್ಷಣೆ, ಇನ್ನೊಬ್ಬರಿಗೆ ದೇಶಕ್ಕೆ ತಂದುಕೊಂಡ ಅಪಾಯ. ಆದ್ದರಿಂದ ನಿಮ್ಮ ಬೆಂಚಿನ ಮೇಲೆ 'ಭದ್ರತೆ' ಎಂಬ ಪದ ಬಂದಾಗ, ಯಾವ ಭದ್ರತೆ, ಯಾರಿಂದ ಅಂತ ಮೊದಲು ಕೇಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೆಚ್ಚು ಮತ ಬಿದ್ದವರು ಸೋಲುವುದು ಎಂದರೆ ಏನ್ರೀ ಅದು? (ಹರಿಹರ)

ಅಲ್ಲಿ ಜನ ಅಧ್ಯಕ್ಷರಿಗೆ ನೇರ ಮತ ಹಾಕುವುದಿಲ್ಲ, ತಮ್ಮ ರಾಜ್ಯದ ಎಲೆಕ್ಟರುಗಳನ್ನು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳನ್ನು, ಆರಿಸುತ್ತಾರೆ. ಒಟ್ಟು 538 ಎಲೆಕ್ಟರುಗಳು: ಕೆಳಮನೆಯ ಸ್ಥಾನಗಳ ಲೆಕ್ಕದಲ್ಲಿ 435, ಸೆನೆಟ್ ಸ್ಥಾನಗಳ ಲೆಕ್ಕದಲ್ಲಿ 100, ರಾಜಧಾನಿ ವಾಷಿಂಗ್ಟನ್‌ಗೆ 3. ಗೆಲ್ಲಲು 270 ಬೇಕು. ಮೇಯ್ನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಕಡೆಯೆಲ್ಲ ರಾಜ್ಯದಲ್ಲಿ ಒಂದೇ ಮತದಿಂದ ಮುಂದಿದ್ದರೂ ಅಲ್ಲಿನ ಅಷ್ಟೂ ಎಲೆಕ್ಟರುಗಳು ಗೆದ್ದವರ ಪಾಲು. ಹೀಗಾಗಿ ಒಂದು ರಾಜ್ಯದಲ್ಲಿ ಲಕ್ಷಗಟ್ಟಲೆ ಅಂತರದಿಂದ ಗೆದ್ದು ಮೂರು ರಾಜ್ಯಗಳಲ್ಲಿ ಕೂದಲೆಳೆಯಲ್ಲಿ ಸೋತವರು ಮನೆಗೆ ಹೋಗುತ್ತಾರೆ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ, ಎಲೆಕ್ಟರುಗಳು ಮಾತ್ರ 227, ಟ್ರಂಪ್‌ಗೆ 304.

2000ದ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಕಥೆ ಇದಕ್ಕಿಂತ ವಿಚಿತ್ರ. ಸುಮಾರು 60 ಲಕ್ಷ ಮತಗಳಲ್ಲಿ ಅಂತರ 537. ಅಲ್ಲಿನ ಹಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥವು) ಮತಪತ್ರ ಎಂದರೆ ರಟ್ಟಿನ ಕಾರ್ಡು. ಕಡ್ಡಿಯಿಂದ ಚುಚ್ಚಿದರೆ ಪುಟ್ಟ ಚೌಕದ ಚೂರು ಉದುರಬೇಕು. ಪೂರ್ತಿ ಚುಚ್ಚದಿದ್ದರೆ ಚೂರು ಒಂದು ಮೂಲೆಯಲ್ಲಿ ನೇತಾಡುತ್ತದೆ, ಇಲ್ಲವೇ ಬರೀ ಉಬ್ಬುತ್ತದೆ. ಎಣಿಸುವ ಯಂತ್ರಕ್ಕೆ ಬೆಳಕು ತೂರದಿದ್ದರೆ ಅದು ಖಾಲಿ ಮತ. ಉಬ್ಬಿದ್ದನ್ನು ಮತವೆನ್ನಬೇಕೆ ಎಂದು ಅಧಿಕಾರಿಗಳು ಭೂತಗನ್ನಡಿ ಹಿಡಿದು ಕೂತರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆ ನಿಲ್ಲಿಸಿತು. ಫ್ಲಾರಿಡಾ ಕಿರಿಯ ಬುಷ್ ಪಾಲಾಯಿತು. ಎಲೆಕ್ಟರುಗಳು ಅವರಿಗೆ 271, ಅಲ್ ಗೋರ್‌ಗೆ 266. ಭದ್ರತೆಗೂ ಇದಕ್ಕೂ ನಂಟಿದೆ: ಈ ಐದು ವಾರದ ಜಗ್ಗಾಟದಿಂದ ಹೊಸ ಸರ್ಕಾರಕ್ಕೆ ಅಧಿಕಾರಿಗಳನ್ನು ನೇಮಿಸಿಕೊಳ್ಳುವ ಸಮಯ ಅರ್ಧಕ್ಕಿಳಿಯಿತು ಎಂದು ಸೆಪ್ಟೆಂಬರ್ 11ರ ದಾಳಿಯನ್ನು ವಿಚಾರಿಸಿದ ಆಯೋಗ ಬರೆದಿದೆ.

ನಮ್ಮ ರಾಷ್ಟ್ರಪತಿ ಚುನಾವಣೆಯೂ ಪರೋಕ್ಷವೇ. 1969ರಲ್ಲಿ ನಿಜಲಿಂಗಪ್ಪನವರ ಲೆಕ್ಕ ಎಲ್ಲಿ ತಪ್ಪಿತು? (ನಿವೃತ್ತ ಶಿಕ್ಷಕರು, ಹೊಳಲ್ಕೆರೆ)

ಮೇಷ್ಟ್ರೇ, ಸೀಬಾರದ ಅವರ ಸ್ಮಾರಕದ ಮುಂದೆ ಹಾದುಹೋಗುವವರೆಲ್ಲ ಕೇಳಬೇಕಾದ ಪ್ರಶ್ನೆ ಇದು.

ಮೊದಲು ಮತಪತ್ರ. ಇದರಲ್ಲಿ ಚಿಹ್ನೆ ಇಲ್ಲ, ಮುದ್ರೆ ಒತ್ತುವುದಿಲ್ಲ. ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಈಗಿನ ನಿಯಮದಂತೆ ಸಂಸದರಿಗೆ ಹಸಿರು ಕಾಗದ, ಶಾಸಕರಿಗೆ ಗುಲಾಬಿ. ಚುನಾವಣಾ ಆಯೋಗ ಕೊಟ್ಟ ಪೆನ್ನಿನಲ್ಲೇ ಬರೆಯಬೇಕು, ಅಂಕಿಯಲ್ಲೇ ಬರೆಯಬೇಕು. ಕನ್ನಡದ ೧ ನಡೆಯುತ್ತದೆ, 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಮತ ಕೆಟ್ಟಿತು. ಎರಡನೇ ಪ್ರಾಶಸ್ತ್ಯ ಕಡ್ಡಾಯವಲ್ಲ. ಪಕ್ಷಗಳು ವಿಪ್ (ಇಂಥವರಿಗೇ ಹಾಕಿ ಎಂಬ ಆದೇಶ) ಕೊಡುವಂತಿಲ್ಲ, ಮತ ಗುಪ್ತ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131: 1971ರ ಜನಗಣತಿಯ 2,92,99,014 ಜನರನ್ನು 224 ಸ್ಥಾನಗಳಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಬರುವ ಅಂಕಿ.

ಇನ್ನು 1969. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು, ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ, ಜನಸಂಘದ ನಾಯಕರನ್ನು ಕಂಡು, ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗಿರಲಿ ಎಂದು ಕೇಳಿದರು. ಇದನ್ನೇ ಹಿಡಿದುಕೊಂಡು ಇಂದಿರಾ ಗಾಂಧಿ 'ಆತ್ಮಸಾಕ್ಷಿಯ ಮತ'ಕ್ಕೆ, ಅಂದರೆ ಪಕ್ಷದ ಅಭ್ಯರ್ಥಿಯನ್ನೇ ನೋಡದೆ ಮನಸ್ಸಿಗೆ ಒಪ್ಪಿದವರಿಗೆ ಹಾಕುವುದಕ್ಕೆ, ದಾರಿ ಬಿಟ್ಟರು.

ಮೊದಲ ಎಣಿಕೆ: ಗಿರಿ 4,01,515, ರೆಡ್ಡಿ 3,13,548, ಸ್ವತಂತ್ರ ಪಕ್ಷ, ಜನಸಂಘ ಬೆಂಬಲಿಸಿದ್ದ ಸಿ.ಡಿ. ದೇಶಮುಖ್ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಯಾರಿಗೂ ಅಷ್ಟಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯ ಹಂಚಿದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ಕಳೆದು ನೋಡಿ. ಹಂಚಿದ ಮತಗಳಲ್ಲಿ ರೆಡ್ಡಿಯವರಿಗೆ ಬಂದದ್ದು 91,879, ಗಿರಿಯವರಿಗೆ ಬರೀ 18,562. ಅಂದರೆ ನಿಜಲಿಂಗಪ್ಪನವರು ಹೋಗಿ ಕೇಳಿದ್ದ ಎರಡನೇ ಪ್ರಾಶಸ್ತ್ಯ ಬಹುಪಾಲು ಬಂದೇ ಬಂತು. ಸೋರಿದ್ದು ಸ್ವಂತ ಮನೆಯ ಮೊದಲ ಪ್ರಾಶಸ್ತ್ಯ. ಹೊರಗಿನವರ ಹತ್ತಿರ ಹೋದದ್ದರಿಂದಲೇ ಒಳಗಿನವರು ಜಾರಿದರು ಎಂದು ವಾದಿಸಬಹುದು; ಲೆಕ್ಕ ಮಾಡಲು ಬರಲಿಲ್ಲ ಎಂದು ಮಾತ್ರ ಹೇಳಲಾಗದು.

ಅಮೆರಿಕದಲ್ಲಿ ಯಾರು ಗೆದ್ದರೆ ನಮ್ಮ ಕುದಾಪುರದ ರಕ್ಷಣಾ, ಬಾಹ್ಯಾಕಾಶ, ಅಣು ಸಂಶೋಧನಾ ಕೇಂದ್ರಗಳಿಗೆ ಒಳ್ಳೆಯದು? (ಚಳ್ಳಕೆರೆ)

ಪಕ್ಷದ ಹೆಸರು ಬಿಡಿ, ಒಂದು ಪಟ್ಟಿಯ ಹೆಸರು ನೆನಪಿಟ್ಟುಕೊಳ್ಳಿ: ಎಂಟಿಟಿ ಲಿಸ್ಟ್. ಅಮೆರಿಕದ ವಾಣಿಜ್ಯ ಇಲಾಖೆ ಇಟ್ಟುಕೊಂಡಿರುವ ಈ ಪಟ್ಟಿಯಲ್ಲಿ ಒಂದು ಸಂಸ್ಥೆಯ ಹೆಸರಿದ್ದರೆ, ಅದಕ್ಕೆ ಮಾರುವ ಅಮೆರಿಕದ ಕಂಪನಿ ಮೊದಲು ಲೈಸೆನ್ಸ್ ಪಡೆಯಬೇಕು. ಪೂರ್ತಿ ನಿಷೇಧವಲ್ಲ, ಆದರೆ ಅರ್ಜಿ ಹಾಕಿದರೆ ತಿರಸ್ಕಾರವೇ ವಾಡಿಕೆ ಎಂಬ ಷರತ್ತು ಹಲವು ವಸ್ತುಗಳಿಗಿರುತ್ತದೆ. ಬೇರೆ ದೇಶದಲ್ಲಿ ತಯಾರಾದ ಉಪಕರಣದಲ್ಲಿ ಅಮೆರಿಕದ ಭಾಗಗಳು ಇಂತಿಷ್ಟು ಪಾಲು ಮೀರಿದರೆ ಅದಕ್ಕೂ ಇದೇ ನಿಯಮ. ಸೆನ್ಸರ್, ವ್ಯಾಕ್ಯೂಮ್ ಪಂಪ್, ವೇಗದ ಕಂಪ್ಯೂಟರ್ ಇಂಥ ಕಡೆ ಸಿಕ್ಕಿಬೀಳುತ್ತವೆ. ಆರ್ಡರ್ ಕೊಟ್ಟವರಿಗೆ ಇಲ್ಲ ಎಂಬ ಉತ್ತರಕ್ಕಿಂತ ಉತ್ತರವೇ ಬಾರದ ತಿಂಗಳುಗಳು ಹೆಚ್ಚು ದುಬಾರಿ.

ಈಗ ಇಸವಿಗಳನ್ನು ನೋಡಿ. 1998ರ ಮೇ 11 ಮತ್ತು 13ರ ಪೋಖ್ರಾನ್ ಪರೀಕ್ಷೆಗಳ ನಂತರ ನಿರ್ಬಂಧ ಹೇರಿದವರು ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್. ತೇಜಸ್ ವಿಮಾನದ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ವಾಪಸ್ ಬರಬೇಕಾಯಿತು. ಉಳಿದದ್ದನ್ನು ಇಲ್ಲೇ ಮುಗಿಸಿ 2001ರ ಜನವರಿ 4ರಂದು ವಿಮಾನ ಹಾರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದವರು, 2008ರಲ್ಲಿ ಅಣು ಒಪ್ಪಂದ ಮುಗಿಸಿದವರು ರಿಪಬ್ಲಿಕನ್ ಬುಷ್. 2011ರ ಜನವರಿಯಲ್ಲಿ ಡಿಆರ್‌ಡಿಒ, ಇಸ್ರೊದ ಹಲವು ಘಟಕಗಳ ಹೆಸರು ತೆಗೆದದ್ದು ಒಬಾಮ ಸರ್ಕಾರ. 2018ರಲ್ಲಿ ಸೂಕ್ಷ್ಮ ತಂತ್ರಜ್ಞಾನಕ್ಕೆ ಲೈಸೆನ್ಸ್ ರಿಯಾಯಿತಿ ಕೊಟ್ಟದ್ದು ಟ್ರಂಪ್ ಸರ್ಕಾರ. ಭಾಭಾ ಅಣು ಸಂಶೋಧನಾ ಕೇಂದ್ರದ ಹೆಸರು ಪಟ್ಟಿಯಿಂದ ಹೋದದ್ದು 2025ರ ಜನವರಿಯಲ್ಲಿ, ಬೈಡನ್ ಇಳಿಯುವ ವಾರದಲ್ಲಿ. ನಿರ್ಬಂಧ ಬಂದದ್ದು ದಿನಗಳಲ್ಲಿ, ಕರಗಿದ್ದು 27 ವರ್ಷಗಳಲ್ಲಿ. ಕರಗಿಸಿದ್ದರಲ್ಲಿ ಎರಡೂ ಪಕ್ಷಗಳ ಕೈಯಿದೆ. ಇಸ್ರೊ ತನ್ನ ಮರುಬಳಕೆ ವಾಹನವನ್ನು 2023 ಮತ್ತು 2024ರಲ್ಲಿ ಮೂರು ಸಲ ಇಳಿಸಿದ್ದು ನಿಮ್ಮೂರ ಪಕ್ಕದ ರನ್‌ವೇ ಮೇಲೆಯೇ.

ಸುಂಕದ ವಿಷಯ ಬೇರೆ. ಅದು ಒಂದು ಸಹಿಯ ದೂರ. 2025ರ ಆಗಸ್ಟ್ 7ರಿಂದ ನಮ್ಮ ಸರಕಿನ ಮೇಲೆ 25%, ಅದೇ 27ರಿಂದ ಇನ್ನೂ 25% ಬಿತ್ತು. ಕ್ಷಿಪಣಿಗಿಂತ, ಅಮೆರಿಕದ ಮೆಕ್ಕೆಜೋಳವನ್ನು ಇಲ್ಲಿಗೆ ಬಿಡಬೇಕೆ ಎಂಬ ವ್ಯಾಪಾರದ ಮಾತುಕತೆಯನ್ನು ದಾವಣಗೆರೆಯವರು ಹತ್ತಿರದಿಂದ ನೋಡುವುದು ಮೇಲು. (ಅಂದಹಾಗೆ, ಅಮೃತಮಹಲ್ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ವಾಷಿಂಗ್ಟನ್‌ಗಿಂತ ಈ ಕೇಂದ್ರಗಳಿಗಾಗಿ ಎದುರಿಗೆ ಎದ್ದ ಕಾಂಪೌಂಡ್ ಗೋಡೆಯೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲೇ ಸಿಗಬೇಕು.)

ಲೋಕವೆಲ್ಲ ಒಬ್ಬರನ್ನು ಬಯಸಿದರೂ ಅಮೆರಿಕದವರು ಇನ್ನೊಬ್ಬರನ್ನು ಆರಿಸುತ್ತಾರಲ್ಲ, ಹೊರಗಿನ ಮಾತಿಗೆ ಬೆಲೆಯೇ ಇಲ್ಲವೆ? (ಜಗಳೂರು)

ಊರಿನ ಪಂಚಾಯಿತಿ ಚುನಾವಣೆಯಲ್ಲಿ ಪಕ್ಕದ ತಾಲ್ಲೂಕಿನವರು ಬಂದು 'ಇವರಿಗೇ ಹಾಕಿ' ಎಂದರೆ ಏನಾಗುತ್ತದೋ ಅದೇ ಆಗುತ್ತದೆ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಇದನ್ನು ಮಾಡಿಯೇ ನೋಡಿತು. ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯ ಮತದಾರರ ಪಟ್ಟಿ ತರಿಸಿ, ಓದುಗರಿಗೆ ಒಬ್ಬೊಬ್ಬರ ವಿಳಾಸ ಹಂಚಿ, ಅವರಿಗೆ ಪತ್ರ ಬರೆಯಿರಿ ಎಂದಿತು. ಉತ್ತರವಾಗಿ ಬೈಗುಳದ ಮಳೆ. ಹಿಂದಿನ ಸಲ ಗೋರ್ 324 ಮತಗಳಿಂದ ಗೆದ್ದಿದ್ದ ಕೌಂಟಿಯಲ್ಲಿ ಈ ಸಲ ಬುಷ್ ಸುಮಾರು 1,600 ಮತಗಳಿಂದ ಗೆದ್ದರು. ಪತ್ರಗಳಿಂದಲೇ ಹೀಗಾಯಿತು ಎನ್ನುವಂತಿಲ್ಲ. ಒಹಾಯೊದಲ್ಲಿ ಆ ವರ್ಷ ರಿಪಬ್ಲಿಕನ್ನರ ಸಂಘಟನೆಯೇ ಜೋರಿತ್ತು. ಪತ್ರಗಳಿಂದ ಕೆರಿಯವರಿಗೆ ಉಪಯೋಗವಾಗಲಿಲ್ಲ ಎಂಬಷ್ಟು ಮಾತ್ರ ಖಚಿತ.

ಅಭಿಪ್ರಾಯ ಹೇಳುವುದು ಅಪರಾಧವಲ್ಲ, ಹಣ ಕೊಡುವುದು ಅಪರಾಧ. ಹೆಸರು ಮರೆಮಾಚುವುದು ಇನ್ನೂ ಕೆಟ್ಟದ್ದು: ಅಮೆರಿಕನ್ನರಂತೆ ನಟಿಸಿ 2016ರ ಚುನಾವಣೆಯಲ್ಲಿ ಕೈಯಾಡಿಸಿದರೆಂದು 2018ರ ಫೆಬ್ರವರಿಯಲ್ಲಿ 13 ಮಂದಿ ರಷ್ಯನ್ನರ ಮೇಲೆ ದೋಷಾರೋಪ ಹೊರಿಸಲಾಯಿತು.

'ಭಾರತೀಯರ ಒಲವು ಇಂಥವರ ಕಡೆ' ಎಂಬ ಸಮೀಕ್ಷೆ ಕಂಡರೆ ಮೂರನ್ನು ಹುಡುಕಿ: ಮನೆಗೆ ಹೋಗಿ ಕೇಳಿದರೋ ಇಂಟರ್‌ನೆಟ್ಟಿನಲ್ಲೋ, ಯಾವ ಭಾಷೆಗಳಲ್ಲಿ, ಹಳ್ಳಿಯವರೆಷ್ಟು. 'ಗೊತ್ತಿಲ್ಲ' ಎಂದವರನ್ನು ಲೆಕ್ಕದಿಂದ ಬಿಟ್ಟಿದ್ದರೆ ಆ ಅಂಕಿಯನ್ನು ನೀವೂ ಬಿಡಿ.

ಅಣ್ವಸ್ತ್ರದ ಗುಂಡಿ ಒತ್ತಲು ಅಧ್ಯಕ್ಷರು ಯಾರನ್ನಾದರೂ ಕೇಳಬೇಕೆ? (ಹಿರಿಯೂರು)

ಗುಂಡಿ ಎಂಬುದಿಲ್ಲ, ಜೊತೆಯಲ್ಲೇ ಸಾಗುವ ಪೆಟ್ಟಿಗೆಯೊಂದು, ಗುರುತಿನ ಸಂಕೇತವಿರುವ ಕಾರ್ಡೊಂದು. ಕಾನೂನಿನ ಪ್ರಕಾರ ಯಾರ ಒಪ್ಪಿಗೆಯೂ ಬೇಕಿಲ್ಲ. ಸೈನ್ಯ ಕಳಿಸಿದರೆ ಮಾತ್ರ 1973ರ ಕಾಯ್ದೆಯಂತೆ 48 ಗಂಟೆಯೊಳಗೆ ಸಂಸತ್ತಿಗೆ ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಗಳ ಗಡುವು. ಈ ಗಡುವಿಗೆ ಅಧ್ಯಕ್ಷರುಗಳು ಕೊಟ್ಟ ಮರ್ಯಾದೆ ಅಷ್ಟಕ್ಕಷ್ಟೆ. ನಮ್ಮಲ್ಲಿ ರಾಷ್ಟ್ರಪತಿ ಸೇನೆಯ ಮಹಾದಂಡನಾಯಕರಾದರೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅಣ್ವಸ್ತ್ರದ ತೀರ್ಮಾನ ಪ್ರಧಾನಿ ನೇತೃತ್ವದ ರಾಜಕೀಯ ಮಂಡಳಿಯದು.

ಮಗ ಟೆಕ್ಸಸ್‌ನಲ್ಲಿದ್ದಾನೆ, ಗ್ರೀನ್ ಕಾರ್ಡ್ ಬಂದಿದೆ. ಅಲ್ಲಿ ಮತ ಹಾಕಬಹುದೆ? ಇಲ್ಲಿ? (ಪಿ.ಜೆ. ಬಡಾವಣೆ, ದಾವಣಗೆರೆ)

ಅಲ್ಲಿ ಹಾಕುವಂತಿಲ್ಲ, ಹಾಕಿದರೆ ದೇಶದಿಂದ ಹೊರದಬ್ಬಿಸಿಕೊಳ್ಳುವ ಅಪಾಯವಿದೆ. ಎಡವಟ್ಟಾಗುವುದು ಮತಗಟ್ಟೆಯಲ್ಲಲ್ಲ, ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ: ಅದೇ ಅರ್ಜಿಯಲ್ಲಿ 'ಮತದಾರರಾಗಿ ನೋಂದಾಯಿಸಬೇಕೆ' ಎಂಬ ಪ್ರಶ್ನೆಯೂ ಇರುತ್ತದೆ. ಅವಸರದಲ್ಲಿ 'ಹೌದು' ಎಂದು ಗುರುತು ಹಾಕಿದರೆ ಸುಳ್ಳು ಪೌರತ್ವ ಹೇಳಿಕೊಂಡಂತಾಗಿ, ಮುಂದೆ ಪೌರತ್ವದ ಅರ್ಜಿಗೇ ಕಲ್ಲು ಬೀಳುತ್ತದೆ. ಅಭ್ಯರ್ಥಿಗೆ ದೇಣಿಗೆಯನ್ನು ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಆದರೆ ಅವನ ಸ್ವಂತ ದುಡ್ಡಾಗಿರಬೇಕು. ನೀವು ದಾವಣಗೆರೆಯಿಂದ ಕಳಿಸಿದ ಹಣವನ್ನು ಅವನ ಹೆಸರಲ್ಲಿ ಕೊಡುವಂತಿಲ್ಲ.

ಇಲ್ಲಿ ಹಾಕಬಹುದು, ಭಾರತದ ಪಾಸ್‌ಪೋರ್ಟ್ ಇರುವವರೆಗೆ. ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಇಲ್ಲಿನ ವಿಳಾಸದ ಕ್ಷೇತ್ರದಲ್ಲಿ ಸೇರಬೇಕು. ವೋಟರ್ ಕಾರ್ಡ್ ಕೊಡುವುದಿಲ್ಲ. ಮತದಾನದ ದಿನ ಖುದ್ದಾಗಿ ಬಂದು ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು.